ಬಾಕಿ ಎಂಬ ಒಂದು ಮಾತು

ನಮ್ಮ ಕಡೆ ‘ಏಜೆಂಟರು’ ಎಂದರೆ ಸಂಜೆಯ ಹೊತ್ತಿಗೆ ಬಗಲಿಗೆ ಚೀಲ ಹಾಕಿಕೊಂಡು ಅಂಗಡಿಯಿಂದ ಅಂಗಡಿಗೆ, ಮನೆಯಿಂದ ಮನೆಗೆ ನಡೆದು ಪಿಗ್ಮಿ ಹಣ ಕೂಡಿಸುವವರು. ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಿನಲ್ಲಿಯೇ ಉಳಿತಾಯ ಸಂಗ್ರಹಿಸುವ ಈ ಪದ್ಧತಿಯನ್ನು, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಉಡುಪಿಯ ಸಂಸ್ಥೆಯು 1928ರಲ್ಲಿ ಆರಂಭಿಸಿತು. ಕಾಲಕ್ರಮದಲ್ಲಿ ಅದು ನಾಡಿನ ಅನೇಕ ಸಹಕಾರ ಸಂಘಗಳಿಗೂ ಬಂದಿತು. ಮೂವತ್ತೊಂದು ವರ್ಷ ಅಂತಹ ಒಂದು ಪತ್ತಿನ ಸಹಕಾರ ಸಂಘದಲ್ಲಿ, ಮೊದಲು ಗುಮಾಸ್ತರಾಗಿಯೂ ಕಡೆಯ ಹನ್ನೆರಡು ವರ್ಷ ಕಾರ್ಯದರ್ಶಿಯಾಗಿಯೂ ದುಡಿದು 2014ರಲ್ಲಿ ನಿವೃತ್ತರಾದ ನಮಗೆ ಆ ಶಬ್ದಕ್ಕೆ ಬೇರೆ ಅರ್ಥವಿರಬಹುದೆಂಬ ಕಲ್ಪನೆಯೇ ಇರಲಿಲ್ಲ. ಆದುದರಿಂದ 2025ರ ಯುಗಾದಿಗೆ ಊರಿಗೆ ಬಂದ ನಮ್ಮ ಸೊಸೆಯು “ಮಾವಾರ, ನಿಮ್ಮ ಸಂಘಕ್ಕ ಒಂದು ಏಜೆಂಟ್ ಮಾಡಿಕೊಡ್ಲೇನ್ರಿ?” ಎಂದು ಕೇಳಿದಾಗ, “ಈಗಿರೋ ನಾಲ್ಕು ಮಂದಿಗೆ ಕಮಿಷನ್ ಕೊಡೂದs ಭಾರ ಆಗೇತಿ, ಯವ್ವಾ” ಎಂದು ನಾವು ಗಂಭೀರವಾಗಿಯೇ ಉತ್ತರಿಸಿದೆವು. ಅವಳು ನಕ್ಕ ಬಗೆಯಿಂದಲೇ ನಮಗೆ ಏನೋ ತಪ್ಪಿತೆಂದು ತಿಳಿಯಿತು.

ಅವಳು ಬೆಂಗಳೂರಿನಲ್ಲಿ ಒಂದು ಚಿಕ್ಕ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುತ್ತಾಳೆ. ಅವಳು ಹೇಳಿದ ಏಜೆಂಟ್ ಕೃತಕ ಬುದ್ಧಿಮತ್ತೆಯದು. ಸಂಘದ ಸದಸ್ಯರು ತಮ್ಮ ಫೋನಿನಿಂದ ಕನ್ನಡದಲ್ಲಿಯೇ ಪ್ರಶ್ನೆ ಕಳುಹಿಸಿದರೆ ಅದು ಸಂಘದ ಲೆಕ್ಕಪತ್ರವನ್ನು ನೋಡಿ ಉತ್ತರ ಕೊಡುತ್ತದೆ. ಕಂತು ಯಾವಾಗ ತುಂಬಬೇಕು, ಠೇವಿನ ಮುದ್ದತು ಯಾವಾಗ ಮುಗಿಯುತ್ತದೆ, ಸಾಲದ ಅರ್ಜಿಗೆ ಯಾವ ಕಾಗದಗಳು ಬೇಕು ಎಂಬಂತಹ ಪ್ರಶ್ನೆಗಳಿಗೆ ಮುದುಕರು ಬಿಸಿಲಿನಲ್ಲಿ ಕಚೇರಿಗೆ ಬಂದು ಸರತಿಯಲ್ಲಿ ನಿಲ್ಲುವುದು ತಪ್ಪುತ್ತದೆ. ನಮ್ಮದು ಗದಗ ಜಿಲ್ಲೆ. ಇಲ್ಲಿಯ ಕಣಗಿನಹಾಳದಲ್ಲಿ ಶಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿಯೇ ಸಹಕಾರ ಸಂಘವನ್ನು ಕಟ್ಟಿದುದು ಓದುಗ ಬಂಧುಗಳಿಗೆ ತಿಳಿದ ಸಂಗತಿ. ಹೊಸದಕ್ಕೆ ಹೆದರುವುದು ಈ ಜಿಲ್ಲೆಯವರಿಗೆ ಒಪ್ಪುವ ಮಾತಲ್ಲವೆಂದು ನಾವೇ ಆಡಳಿತ ಮಂಡಳಿಯ ಮುಂದೆ ಹೇಳಿ ಒಪ್ಪಿಗೆ ಪಡೆದೆವು. ಮುಂದೆ ನಡೆದುದರ ಹೊಣೆ ನಮ್ಮ ತಲೆಯ ಮೇಲೆ ಬರಲು ಇದೂ ಒಂದು ಕಾರಣ.

ಈ ಯಂತ್ರವು ಕೆಲಸ ಮಾಡುವ ಬಗೆಯನ್ನು ನಮಗೆ ತಿಳಿದಷ್ಟು ಹೇಳುತ್ತೇವೆ. ಮಾತನ್ನು ಅರ್ಥಮಾಡಿಕೊಂಡು ಉತ್ತರ ಬರೆಯುವ ಭಾಗಕ್ಕೆ ಭಾಷಾ ಮಾದರಿ ಎನ್ನುತ್ತಾರೆ. ಅದಕ್ಕೆ ಮಾತು ಬರುತ್ತದೆಯೇ ಹೊರತು ಸಂಘದ ಖತಾವಣಿಯಲ್ಲಿ ಏನಿದೆಯೆಂದು ಗೊತ್ತಿಲ್ಲ. ಆದ್ದರಿಂದ ಅದರ ಕೈಗೆ ಕೆಲವು ಸಾಧನಗಳನ್ನು ಕೊಡುತ್ತಾರೆ. ಸೊಸೆಯು ಅವಕ್ಕೆ ‘ಟೂಲ್’ ಎನ್ನುತ್ತಾಳೆ. ಠೇವಿನ ಮೊತ್ತವನ್ನು ನೋಡಿ ಹೇಳುವುದು ಒಂದು ಸಾಧನ, ಕಂತಿನ ದಿನಾಂಕವನ್ನು ಹೇಳುವುದು ಇನ್ನೊಂದು. ಸದಸ್ಯರ ಪ್ರಶ್ನೆ ಬಂದೊಡನೆ ಮಾದರಿಯು ಯಾವ ಸಾಧನ ಬೇಕೆಂದು ತೀರ್ಮಾನಿಸಿ, ಅದಕ್ಕೆ ಬೇಕಾದ ಮಾಹಿತಿಯನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟಂತೆ ಬರೆದು ಕೊಡುತ್ತದೆ. ಕಂಪ್ಯೂಟರಿನಲ್ಲಿರುವ ಬೇರೆ ಕಾರ್ಯಕ್ರಮವು ಆ ಚೀಟಿಯಂತೆ ಲೆಕ್ಕ ತೆಗೆದು ಫಲಿತವನ್ನು ಮರಳಿ ಕೊಡುತ್ತದೆ. ಅದನ್ನು ಓದಿ ಮಾದರಿಯು ಸದಸ್ಯರಿಗೆ ಉತ್ತರ ಬರೆಯುತ್ತದೆ.

ಇದರಲ್ಲಿ ಒಂದು ಸೂಕ್ಷ್ಮವಿದೆ. ಸಾಧನದ ಒಳಗೆ ಏನು ನಡೆಯುತ್ತದೆಂಬುದು ಮಾದರಿಗೆ ಕಾಣುವುದಿಲ್ಲ. ಅದಕ್ಕೆ ಕಾಣುವುದು ಸಾಧನದ ಹೆಸರು, ಅದರ ಬಗ್ಗೆ ನಾವು ಬರೆದ ವಿವರಣೆ, ಅದಕ್ಕೆ ಕೊಡಬೇಕಾದ ಮಾಹಿತಿಗಳ ಪಟ್ಟಿ, ಇಷ್ಟೇ. ಔಷಧದ ಶೀಶೆಯನ್ನು ನೋಡದೆ ಚೀಟಿಯನ್ನು ಮಾತ್ರ ಓದಿ ಕೈಗೆತ್ತಿಕೊಂಡ ಹಾಗೆ. 2023ರ ಜೂನಿನಲ್ಲಿ ಓಪನ್‌ಎಐ ಕಂಪನಿಯು ತನ್ನ ಮಾದರಿಗಳಿಗೆ ಹೀಗೆ ಸಾಧನಗಳನ್ನು ವಿವರಿಸಿ ಕೊಡುವ ಅನುಕೂಲವನ್ನು ಒದಗಿಸಿತು. 2024ರ ನವೆಂಬರಿನಲ್ಲಿ ಆಂಥ್ರೊಪಿಕ್ ಕಂಪನಿಯು, ಒಬ್ಬರು ಮಾಡಿದ ಸಾಧನವನ್ನು ಬೇರೆ ಬೇರೆ ಮಾದರಿಗಳಿಗೆ ಜೋಡಿಸಲು ಬರುವಂತೆ ‘ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್’ ಎಂಬ ಮುಕ್ತ ಕಟ್ಟಳೆಯೊಂದನ್ನು ಪ್ರಕಟಿಸಿತು. ಜಗತ್ತಿನಲ್ಲಿ ಅದೆಷ್ಟೋ ಜನ ಇಂದು ಕುಳಿತು ಇಂತಹ ವಿವರಣೆಗಳನ್ನು ಬರೆಯುತ್ತಿದ್ದಾರೆ. ಕಾರ್ಯಕ್ರಮ ಬರೆಯುವುದಕ್ಕೆ ಇಂಜಿನಿಯರ್ ಆಗಿರಬೇಕು. ವಿವರಣೆ ಬರೆಯುವುದಕ್ಕೆ ಆ ಕೆಲಸವನ್ನು ಬಲ್ಲವರು ಬೇಕು.

ಆ ಕೆಲಸವನ್ನು ಬಲ್ಲವರು ನಾವೆಂದು ಸೊಸೆ ತಿಳಿದಿದ್ದಳು. ನಾವೂ ಹಾಗೆಯೇ ತಿಳಿದಿದ್ದೆವು. “ನೀವು ಒಂದೊಂದು ಸಾಧನಕ್ಕ ಒಂದೊಂದು ಮಾತು ಬರದು ಕೊಡ್ರಿ, ಮಾವಾರ. ಕನ್ನಡದಾಗs ಇರ್ಲಿ” ಎಂದಳು. ಒಂದೇ ಮಧ್ಯಾಹ್ನ, ಊಟವಾದ ಮೇಲೆ, ಒಂದು ಲಗ್ನಪತ್ರಿಕೆಯ ಹಿಂಬದಿಯಲ್ಲಿ ಹದಿನಾಲ್ಕು ಸಾಧನಗಳಿಗೆ ಹದಿನಾಲ್ಕು ವಾಕ್ಯಗಳನ್ನು ಬರೆದು ಮುಗಿಸಿದೆವು. ನಮ್ಮ ಕಚೇರಿಯ ಟಿಪ್ಪಣಿಗಳು ಚಿಕ್ಕವಾಗಿರುತ್ತಿದ್ದವೆಂದು ಹಿಂದಿನ ಲೆಕ್ಕ ಪರಿಶೋಧಕರು ಮೆಚ್ಚಿಕೊಂಡಿದ್ದುಂಟು. ಅದೇ ಹೆಮ್ಮೆಯಲ್ಲಿ ಇದನ್ನೂ ಬರೆದೆವು. ಅವುಗಳಲ್ಲಿ ಒಂದು ಹೀಗಿತ್ತು: “ಸದಸ್ಯರ ಬಾಕಿಯನ್ನು ತಿಳಿಸುತ್ತದೆ.”

ಓದುಗರು ಇಲ್ಲಿಯೇ ಹಿಡಿದಿರಬಹುದು. ನಮಗೆ ಹೊಳೆಯಲಿಲ್ಲ. ದಫ್ತರದ ಭಾಷೆಯಲ್ಲಿ ಕೈಯಲ್ಲಿ ಉಳಿದ ಹಣಕ್ಕೆ ಶಿಲ್ಕು ಎನ್ನುತ್ತೇವೆ. ಕೊಡಬೇಕಾದುದಕ್ಕೆ ಬಾಕಿ ಎನ್ನುತ್ತೇವೆ. ಅವಧಿ ಮೀರಿದುದಕ್ಕೆ ಸುಸ್ತಿ ಬಾಕಿ ಎನ್ನುತ್ತೇವೆ. ಆದರೆ ಕೌಂಟರಿನ ಮುಂದೆ ನಿಂತ ಜನ ಶಿಲ್ಕು ಎನ್ನುವುದಿಲ್ಲ. “ನನ್ನ ಖಾತ್ಯಾಗ ಎಷ್ಟು ಬಾಕಿ ಐತ್ರಿ?” ಎಂದು ಕೇಳುತ್ತಾರೆ, ಎಷ್ಟು ಉಳಿದಿದೆ ಎಂಬುದು ಅವರ ಅರ್ಥ. ಸಾಲಗಾರರೂ ಅದೇ ಮಾತಿನಲ್ಲಿಯೇ ಕೇಳುತ್ತಾರೆ. ಇನ್ನೆಷ್ಟು ಕೊಡಬೇಕು ಎಂಬುದು ಅವರ ಅರ್ಥ. ಮೂವತ್ತೊಂದು ವರ್ಷ ಇಬ್ಬರಿಗೂ ತಪ್ಪದೆ ಉತ್ತರ ಕೊಟ್ಟಿದ್ದೇವೆ. ಏಕೆಂದರೆ ಕೇಳುವವರ ಮುಖ ನಮಗೆ ಕಾಣುತ್ತಿತ್ತು. ಅವರ ಕೈಯಲ್ಲಿ ಇರುವುದು ಯಾವ ಬಣ್ಣದ ಪಾಸ್‌ಬುಕ್ ಎಂಬುದೂ ಕಾಣುತ್ತಿತ್ತು. ಜನರ ಮಾತು ನಾಲಗೆಗೆ ರೂಢಿಯಾಗಿ, ಠೇವು ತೋರಿಸುವ ಸಾಧನಕ್ಕೂ ನಾವು ‘ಬಾಕಿ’ ಎಂದೇ ಬರೆದೆವು. ಅದಕ್ಕೆ ಸೊಸೆ ಇಟ್ಟ ಹೆಸರು ‘ಬ್ಯಾಲನ್ಸ್’. ಅದೂ ಸಾಲಕ್ಕೂ ಠೇವಿಗೂ ಸಲ್ಲುವ ಮಾತೇ.

ಶ್ರಾವಣದ ಒಂದು ಸೋಮವಾರ ಬೆಳಿಗ್ಗೆ ನಾವು ಅಂಗಳದಲ್ಲಿ ಹೂ ಬಿಡಿಸುತ್ತಿದ್ದಾಗ ಒಬ್ಬ ತಾಯಿ ಬಂದರು. ಅವರ ಪತಿ ಕಿರಾಣಿ ಅಂಗಡಿಯಲ್ಲಿ ಕೆಲಸಕ್ಕಿದ್ದವರು. ಒಂದು ವರ್ಷದ ಹಿಂದೆ ತೀರಿಕೊಂಡಿದ್ದರು. ಸೆರಗಿನ ತುದಿಯಲ್ಲಿ ಏನನ್ನೋ ಗಂಟು ಹಾಕಿಕೊಂಡಿದ್ದರು. ಕುಳಿತುಕೊಳ್ಳಿ ಎಂದರೆ ಕುಳಿತುಕೊಳ್ಳಲಿಲ್ಲ. “ಸಾಹೇಬ್ರ, ನಮ್ಮನಿಯವರು ಸಾಲಾ ಮಾಡಿದ್ರಂತ. ನನಗ ಒಂದ ಮಾತು ಹೇಳ್ಲಿಲ್ಲ” ಎಂದು ಫೋನನ್ನು ನಮ್ಮ ಕೈಗೆ ಕೊಟ್ಟರು. ಶನಿವಾರ ಸಂಜೆ ಅವರು ಮಗನ ಕೈಯಲ್ಲಿ ಬರೆಸಿ ಕಳುಹಿಸಿದ ಪ್ರಶ್ನೆ ಅದರಲ್ಲಿತ್ತು: “ನನ್ನ ಖಾತೆಯಲ್ಲಿ ಎಷ್ಟು ಬಾಕಿ ಇದೆ?” ಕೆಳಗೆ ನಮ್ಮ ಹೊಸ ಏಜೆಂಟನ ಉತ್ತರ: “ನಮಸ್ಕಾರ ತಾಯಿ. ತಮ್ಮ ಖಾತೆಯಲ್ಲಿ ರೂ. 48,600 ಬಾಕಿ ಇರುತ್ತದೆ. ತಾವು ಸಂಘದ ಕಚೇರಿಗೆ ಬಂದು ಪಾವತಿಸಬಹುದು.” ಎಷ್ಟು ಸೌಜನ್ಯದ ಭಾಷೆ ನೋಡಿ.

ಮರುದಿನ ಭಾನುವಾರ, ಕಚೇರಿಗೆ ರಜೆ. ಆ ತಾಯಿ ಎರಡು ರಾತ್ರಿ ನಿದ್ದೆ ಮಾಡಿರಲಿಲ್ಲ. ಸೆರಗಿನ ಗಂಟಿನಲ್ಲಿದ್ದುದು ಮದುವೆಯಲ್ಲಿ ತವರಿನವರು ಇಟ್ಟಿದ್ದ ಪಾಟ್ಲಿಗಳು. ಸರಾಫರ ಅಂಗಡಿ ತೆರೆಯುವುದಕ್ಕೆ ಇನ್ನೂ ಹೊತ್ತಿತ್ತು, ಅದಕ್ಕೆ ಮೊದಲು ನಮ್ಮಲ್ಲಿಗೆ ಬಂದಿದ್ದರು. ನಾವು ಅಂಗಿ ತೊಟ್ಟು ಅವರೊಡನೆ ಸಂಘಕ್ಕೆ ನಡೆದೆವು. ಖತಾವಣಿಯನ್ನು ನೋಡಿದೆವು. ಸಾಲವೆಂಬುದು ಇರಲೇ ಇಲ್ಲ. ಪತಿಯು ಒಂಬತ್ತು ವರ್ಷ ದಿನವೂ ಹತ್ತು, ಇಪ್ಪತ್ತು ರೂಪಾಯಿ ಕಟ್ಟುತ್ತ ಬಂದಿದ್ದ ಪಿಗ್ಮಿ ಠೇವಿನ ಹಣವು ನಾಮನಿರ್ದೇಶನದಂತೆ ಪತ್ನಿಯ ಹೆಸರಿಗೆ ವರ್ಗವಾಗಿತ್ತು. ಅದರ ತಿಳಿವಳಿಕೆ ಪತ್ರ ಅವರಿಗೆ ಮುಟ್ಟಿರಲಿಲ್ಲ. ಆ ಹಣವೇ 48,600.

ನಿಮ್ಮ ಹಣವೇ ತಾಯಿ, ನಿಮಗೇ ಬರಬೇಕಾದುದು ಎಂದು ಹೇಳುವಾಗ ಅವರ ಮುಖದಲ್ಲಿ ಸಮಾಧಾನ ಮೂಡುವುದೆಂದು ನಾವು ಎಣಿಸಿದ್ದೆವು. ಮೂಡಲಿಲ್ಲ. ಸ್ವಲ್ಪ ಹೊತ್ತು ಸುಮ್ಮನೆ ನಿಂತು, “ಎರಡು ದಿನ ಸತ್ತವ್ರನ್ನ ಬೈದೆನಲ್ರೀ ಸಾಹೇಬ್ರ” ಎಂದರು. ಅಷ್ಟೇ ಹೇಳಿ ಹೊರಟುಹೋದರು. ನಾವು ಅಂದು ಮನೆಗೆ ಬಂದು ಊಟ ಮಾಡಲಿಲ್ಲ.

ಸೊಸೆಗೆ ಫೋನ್ ಮಾಡಿ, ನಿನ್ನ ಯಂತ್ರ ಸುಳ್ಳು ಹೇಳಿದೆ ಎಂದು ಜೋರಾಗಿಯೇ ಹೇಳಿದೆವು. ಅವಳು ಮರುಮಾತಾಡದೆ ಅಂದಿನ ದಾಖಲೆಯನ್ನು ತೆಗೆದು ನಮ್ಮ ಫೋನಿಗೆ ಕಳುಹಿಸಿದಳು. ಯಂತ್ರವು ಯಾವಾಗ ಯಾವ ಸಾಧನವನ್ನು ಕರೆಯಿತು, ಏನು ಕೊಟ್ಟಿತು, ಏನು ಪಡೆಯಿತು ಎಂಬುದೆಲ್ಲ ಕಿರ್ದಿಯ ಹಾಗೆ ಸಾಲುಸಾಲಾಗಿ ಅದರಲ್ಲಿ ಬರೆದಿರುತ್ತದೆ. ನಮ್ಮ ವೃತ್ತಿಯವರಿಗೆ ಅದನ್ನು ಓದುವುದು ಕಷ್ಟವಲ್ಲ. ಪ್ರಶ್ನೆಯಲ್ಲಿ ‘ಬಾಕಿ’ ಎಂದಿತ್ತು. ಯಂತ್ರವು ಬಾಕಿಯನ್ನು ತಿಳಿಸುವ ಸಾಧನ ಯಾವುದೆಂದು ಹುಡುಕಿತು. ನಮ್ಮ ವಾಕ್ಯ ಸಿಕ್ಕಿತು. ಸಾಧನವನ್ನು ಕರೆಯಿತು, 48600 ಎಂಬ ಬರಿಯ ಸಂಖ್ಯೆ ಮರಳಿ ಬಂದಿತು, ಅದು ಠೇವೋ ಸಾಲವೋ ಎಂಬ ಒಂದು ಮಾತೂ ಅದರ ಜೊತೆಗೆ ಇರಲಿಲ್ಲ. ಬರವಣಿಗೆಯ ಕನ್ನಡದಲ್ಲಿ ಬಾಕಿ ಎಂದರೆ ಹೆಚ್ಚಾಗಿ ಕೊಡಬೇಕಾದ ಹಣ. ಯಂತ್ರವು ಕಲಿತಿರುವುದು ಬರವಣಿಗೆಯಿಂದ. ಕೊಡಬೇಕಾದ ಹಣವಾದರೆ ಪಾವತಿಸಬಹುದೆಂದು ಹೇಳುವುದು ಮರ್ಯಾದೆ. ಪ್ರತಿಯೊಂದು ಹೆಜ್ಜೆಯೂ ಸರಿಯಾಗಿತ್ತು. ಮೊದಲ ಹೆಜ್ಜೆ ಇಟ್ಟ ನೆಲವೇ ಸರಿಯಿರಲಿಲ್ಲ. ಆ ನೆಲ ಲಗ್ನಪತ್ರಿಕೆಯ ಹಿಂಬದಿಯದು.

ಆಡಳಿತ ಮಂಡಳಿಯ ಸಭೆಯಲ್ಲಿ ಇದನ್ನು ನಿಲ್ಲಿಸಿಬಿಡಿ ಎಂದವರುಂಟು. ಕಂಪ್ಯೂಟರನ್ನು ನಂಬಬಾರದೆಂದು ಭಾಷಣ ಮಾಡಿದವರೂ ಉಂಟು. ತಪ್ಪು ಬರೆದವರು ನಾವು ಎಂದು ಎದ್ದು ಹೇಳುವುದಕ್ಕೆ ನಮಗೆ ಸ್ವಲ್ಪ ಹೊತ್ತು ಬೇಕಾಯಿತು. ಒಂದು ತಿಂಗಳು ಅದನ್ನು ಮುಚ್ಚಿಟ್ಟು, ಸರಿಪಡಿಸಿ, ಮತ್ತೆ ಮಂಡಳಿಗೆ ತೋರಿಸುವುದೆಂದು ಗೊತ್ತಾಯಿತು.

ನಾವು ಗುಮಾಸ್ತರಾಗಿ ಸೇರಿದ ಮೊದಲ ದಿನ ಅಂದಿನ ಕಾರ್ಯದರ್ಶಿಗಳು ನಮ್ಮ ಕೈಗೆ ಒಂದು ಪುಸ್ತಕ ಕೊಟ್ಟು ‘ಇದರಾಗ ಎಲ್ಲಾ ಐತಿ’ ಎಂದಿದ್ದರು. ಅದರಲ್ಲಿ ಎಲ್ಲವೂ ಇರಲಿಲ್ಲ. ಉಳಿದುದನ್ನು ನಾವು ಪಕ್ಕದ ಮೇಜಿನವರನ್ನು ಕೇಳಿ, ಬೈಸಿಕೊಂಡು, ಚಹಾದ ಹೊತ್ತಿನಲ್ಲಿ ಕೇಳಿಸಿಕೊಂಡು ಐದಾರು ವರ್ಷಗಳಲ್ಲಿ ಕಲಿತೆವು. ಈ ಹೊಸ ಗುಮಾಸ್ತನಿಗೆ ಪಕ್ಕದ ಮೇಜಿಲ್ಲ, ಚಹಾದ ಹೊತ್ತಿಲ್ಲ. ನಿನ್ನೆ ಯಾರೋ ತಿದ್ದಿದ್ದರೆ ಅದು ಇಂದಿನ ಸಂಭಾಷಣೆಗೆ ತಾನಾಗಿ ಬರುವುದಿಲ್ಲ; ಯಾರಾದರೂ ಬರೆದಿಟ್ಟಿದ್ದರೆ ಮಾತ್ರ ಬರುತ್ತದೆ. ಪ್ರತಿ ಸಲವೂ ಅದಕ್ಕೆ ಕೆಲಸದ ಮೊದಲ ದಿನ. ಇದನ್ನು ತಿಳಿದ ಮೇಲೆ ನಮಗೆ ಬರೆಯುವ ಬಗೆ ಸ್ವಲ್ಪ ಸ್ವಲ್ಪವಾಗಿ ಹೊಳೆಯತೊಡಗಿತು.

ಬಹಳ ತಿದ್ದಿದ ನಂತರ ಆ ಒಂದು ಸಾಧನಕ್ಕೆ ನಾವು ಬರೆದ ವಿವರಣೆಯನ್ನು ಇಲ್ಲಿ ಕೊಡುತ್ತೇವೆ. ಹೆಸರನ್ನೂ ‘ಠೇವಿನ ಶಿಲ್ಕು’ ಎಂದು ಬದಲಾಯಿಸಿದೆವು. “ಸದಸ್ಯರು ಸಂಘದಲ್ಲಿ ಇಟ್ಟಿರುವ ಹಣವನ್ನು, ಎಂದರೆ ಸಂಘವು ಸದಸ್ಯರಿಗೆ ಕೊಡಬೇಕಾದ ಮೊತ್ತವನ್ನು ತಿಳಿಸುತ್ತದೆ. ಸದಸ್ಯರು ಸಂಘಕ್ಕೆ ಕೊಡಬೇಕಾದ ಸಾಲಕ್ಕೆ ಇದನ್ನು ಬಳಸಬಾರದು; ಅದಕ್ಕೆ ‘ಸಾಲದ ಬಾಕಿ’ ಎಂಬ ಸಾಧನವಿದೆ. ಸದಸ್ಯರು ‘ಬಾಕಿ’ ಎಂದಷ್ಟೇ ಕೇಳಿದರೆ ಅದು ಠೇವೂ ಆಗಿರಬಹುದು, ಸಾಲವೂ ಆಗಿರಬಹುದು. ಊಹಿಸದೆ ಎರಡೂ ಸಾಧನಗಳನ್ನು ಕರೆದು, ಯಾವುದು ಯಾರು ಯಾರಿಗೆ ಕೊಡಬೇಕಾದುದು ಎಂದು ಬೇರೆ ಬೇರೆಯಾಗಿ ಹೇಳಬೇಕು. ಸದಸ್ಯ ಸಂಖ್ಯೆ ಬೇಕು. ಅದು ಪಾಸ್‌ಬುಕ್ಕಿನ ಮೊದಲ ಪುಟದಲ್ಲಿರುವ ಆರು ಅಂಕಿಗಳು. ಮೊತ್ತವು ಹಿಂದಿನ ದಿನದ ಕಚೇರಿ ಮುಚ್ಚುವ ವೇಳೆಯದು. ಇಂದು ತುಂಬಿದ ಹಣ ಇದರಲ್ಲಿ ಸೇರಿಲ್ಲ.” ಸಾಧನವು ಮರಳಿ ಕೊಡುವ ಉತ್ತರವನ್ನೂ ಸೊಸೆ ಬದಲಾಯಿಸಿದಳು. ಬರಿಯ ಸಂಖ್ಯೆಯ ಬದಲು ‘ಠೇವಿನ ಮೊತ್ತ, ರೂಪಾಯಿಗಳಲ್ಲಿ, ಸಂಘವು ಸದಸ್ಯರಿಗೆ ಕೊಡತಕ್ಕದ್ದು’ ಎಂದು ಸಂಖ್ಯೆಯ ಜೊತೆಗೇ ಬರುತ್ತದೆ.

ಕಡೆಯ ವಾಕ್ಯವನ್ನು, ಹಿಂದಿನ ದಿನದ ಲೆಕ್ಕ ಎಂಬುದನ್ನು, ನಾವು ಮೊದಲು ಬರೆದಿರಲಿಲ್ಲ. ಇದನ್ನು ಯಾರು ತಾನೆ ತಿಳಿಯರು ಎಂದು ಬಿಟ್ಟಿದ್ದೆವು. ಸಂಘದವರೆಲ್ಲರಿಗೂ ತಿಳಿದಿದೆ, ಆದುದರಿಂದಲೇ ಯಾರೂ ಅದನ್ನು ಎಲ್ಲಿಯೂ ಬರೆದಿಟ್ಟಿಲ್ಲ. ‘ಯಾರು ತಾನೆ ತಿಳಿಯರು’ ಎಂದು ಮನಸ್ಸಿಗೆ ಬಂದ ಕಡೆಯಲ್ಲೆಲ್ಲ ನಿಂತು ಬರೆಯಬೇಕೆಂದು ನಮ್ಮ ನೋಟ್‌ಬುಕ್ಕಿನ ಮೇಲೆ ಕೆಂಪು ಶಾಯಿಯಲ್ಲಿ ಗುರುತು ಮಾಡಿಕೊಂಡೆವು.

ಹೆಸರುಗಳ ತೊಂದರೆ ಬೇರೆ. ಸಾಲದ ಸಾಧನಕ್ಕೆ ಕೊಡಬೇಕಾದ ಮಾಹಿತಿಯನ್ನು ಮೊದಲು ‘ಸದಸ್ಯ’ ಎಂದಷ್ಟೇ ಕರೆದಿದ್ದೆವು. ಯಂತ್ರವು ಒಮ್ಮೆ ಹೆಸರು ಕೊಡುತ್ತಿತ್ತು, ಒಮ್ಮೆ ಸಂಖ್ಯೆ ಕೊಡುತ್ತಿತ್ತು, ಒಮ್ಮೆ ಫೋನ್ ನಂಬರನ್ನೇ ಕೊಡುತ್ತಿತ್ತು. ನಮ್ಮ ಸದಸ್ಯರ ಪಟ್ಟಿಯಲ್ಲಿ ಬಸಪ್ಪನವರೇ ಒಂದು ಪುಟ ತುಂಬುತ್ತಾರೆ. ತಂದೆಯ ಹೆಸರೂ ಮನೆತನದ ಹೆಸರೂ ಒಂದೇ ಆದ ಇಬ್ಬರು ಒಂದೇ ಓಣಿಯಲ್ಲಿದ್ದಾರೆ. ‘ಸದಸ್ಯ’ ಎಂಬುದನ್ನು ‘ಸದಸ್ಯ ಸಂಖ್ಯೆ’ ಎಂದು ಮಾಡಿದ ದಿನವೇ ಈ ಗೊಂದಲ ಬಹುಮಟ್ಟಿಗೆ ನಿಂತಿತು. ಆ ಫೋನು ಆ ಸದಸ್ಯರದೇ ಎಂದು ಪರೀಕ್ಷಿಸುವುದು ಮಾತ್ರ ಕಾರ್ಯಕ್ರಮದ ಕೆಲಸ, ಅದನ್ನು ಯಂತ್ರದ ವಿವೇಕಕ್ಕೆ ಬಿಟ್ಟಿಲ್ಲ.

ತಪ್ಪಾದಾಗ ಸಾಧನವು ಏನು ಹೇಳುತ್ತದೆ ಎಂಬುದೂ ವಿವರಣೆಯ ಭಾಗವೇ ಎಂದು ನಮಗೆ ತಡವಾಗಿ ತಿಳಿಯಿತು. ಮೊದಲು ಸಂಖ್ಯೆ ತಪ್ಪಾದರೆ ಸಾಧನವು ಸೊನ್ನೆಯನ್ನು ಮರಳಿಸುತ್ತಿತ್ತು. ಯಂತ್ರವು ಅದನ್ನು ನಂಬಿ ‘ತಮ್ಮ ಠೇವು ಸೊನ್ನೆ ಇದೆ’ ಎಂದು ಬರೆಯುತ್ತಿತ್ತು. ಖಾತೆ ಸಿಗಲಿಲ್ಲ ಎಂಬುದಕ್ಕೂ ಖಾತೆಯಲ್ಲಿ ಹಣವಿಲ್ಲ ಎಂಬುದಕ್ಕೂ ಇರುವ ಅಂತರ ಒಬ್ಬ ವೃದ್ಧ ಠೇವಣಿದಾರರ ಎದೆ ಒಡೆಯುವಷ್ಟು ದೊಡ್ಡದು. ಈಗ ಅದು ‘ಈ ಸಂಖ್ಯೆಯ ಸದಸ್ಯರಿಲ್ಲ, ಸಂಖ್ಯೆಯು ಆರು ಅಂಕಿಗಳಿರಬೇಕು, ನೀವು ಕೊಟ್ಟುದು ನಾಲ್ಕು, ಸದಸ್ಯರನ್ನು ಮತ್ತೊಮ್ಮೆ ಕೇಳಿರಿ’ ಎನ್ನುತ್ತದೆ. ಹೀಗೆ ಹೇಳಿದರೆ ಯಂತ್ರವು ತಾನೇ ತಿದ್ದಿಕೊಳ್ಳುವುದನ್ನು ಕಂಡು ನಮಗೆ ಅಚ್ಚರಿಯಾಯಿತು.

ನಾವು ಮಾಡಿದ ಇನ್ನೊಂದು ತಪ್ಪನ್ನೂ ಹೇಳಿಬಿಡಬೇಕು. ಒಮ್ಮೆ ಬಿಸಿ ತಾಗಿದವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರೆ. ಆ ತಾಯಿಯ ಪ್ರಸಂಗವಾದ ಮೇಲೆ ನಾವು ಒಂದೊಂದು ಸಾಧನಕ್ಕೂ ಎರಡೆರಡು ಪುಟ ಬರೆದೆವು. ಸಂಘದ ಸ್ಥಾಪನೆಯ ವರ್ಷ, ಉಪವಿಧಿಗಳು, ಬಡ್ಡಿಯ ದರದ ಇತಿಹಾಸ, ಎಲ್ಲವನ್ನೂ ತುಂಬಿದೆವು. ಸೊಸೆ ಸಹನೆಯಿಂದ ಅದನ್ನೆಲ್ಲ ಹಾಕಿ ನೋಡಿದಳು. ಕೆಲಸ ಕೆಟ್ಟಿತು. ಬಡ್ಡಿ ಎಂಬ ಮಾತು ಹದಿನಾಲ್ಕು ಕಡೆ ಬಂದುದರಿಂದ ಬಡ್ಡಿಯ ಪ್ರಶ್ನೆಗೆ ಯಾವ ಸಾಧನ ಎಂಬುದೇ ಅದಕ್ಕೆ ತಿಳಿಯದಾಯಿತು. ಅಲ್ಲದೆ ಯಂತ್ರವು ಪ್ರತಿಯೊಂದು ಪ್ರಶ್ನೆಗೂ ಈ ವಿವರಣೆಗಳನ್ನೆಲ್ಲ ಮೊದಲಿನಿಂದ ಓದುತ್ತದೆ. ಓದಿದ ಮಾತುಗಳ ಲೆಕ್ಕದ ಮೇಲೆ ಹಣ ಕೊಡಬೇಕಾಗುತ್ತದೆ. ನಮ್ಮ ಇತಿಹಾಸ ಪಾಂಡಿತ್ಯಕ್ಕೆ ಸಂಘವು ದಿನವೂ ದುಡ್ಡು ತೆರುವ ಹಾಗಾಗಿತ್ತು! ಒಂದು ಸಾಧನ ಮತ್ತೊಂದರಿಂದ ಬೇರೆಯಾಗುವುದು ಎಲ್ಲಿ ಎಂಬುದನ್ನು ಉಳಿಸಿಕೊಂಡು ಮಿಕ್ಕುದನ್ನು ಹೊಡೆದುಹಾಕಿದೆವು. ಹದಿನಾಲ್ಕು ಸಾಧನಗಳಲ್ಲಿ ಕೆಲವು ಒಂದರ ಮೇಲೊಂದು ಬಿದ್ದಿದ್ದವು. ಅವನ್ನು ಕೂಡಿಸಿ ಎಂಟಕ್ಕೆ ಇಳಿಸಿದೆವು. ಎರಡು ಸಾಧನಗಳ ವ್ಯತ್ಯಾಸವನ್ನು ನಾವೇ ಎರಡು ವಾಕ್ಯದಲ್ಲಿ ಹೇಳಲಾರದೆ ಹೋದರೆ, ಯಂತ್ರವು ಹೇಗೆ ತಾನೆ ಆರಿಸೀತು?

ದೊಡ್ಡ ಕಂಪನಿಗಳವರೂ ಇಂತಹ ತಪ್ಪುಗಳನ್ನು ಮಾಡಿ ಬರೆದುಕೊಂಡಿದ್ದಾರೆಂದು ಸೊಸೆ ಹೇಳಿದಾಗ ನಮಗೆ ಸ್ವಲ್ಪ ಧೈರ್ಯ ಬಂದಿತು. ಕಾರ್ಯಕ್ರಮಗಳ ದೋಷಗಳನ್ನು ತಾನಾಗಿ ತಿದ್ದುವ ಏಜೆಂಟನ್ನು ಕಟ್ಟುವಾಗ ಆಂಥ್ರೊಪಿಕ್ ಕಂಪನಿಯವರು ಒಟ್ಟು ಆದೇಶವನ್ನು ತಿದ್ದುವುದಕ್ಕಿಂತ ಸಾಧನಗಳನ್ನು ತಿದ್ದುವುದಕ್ಕೇ ಹೆಚ್ಚು ಹೊತ್ತು ಕಳೆದರೆಂದು 2024ರ ಡಿಸೆಂಬರಿನಲ್ಲಿ ಬರೆದಿದ್ದಾರೆ. ಕಂಪ್ಯೂಟರಿನಲ್ಲಿ ಕಡತದ ವಿಳಾಸವನ್ನು ಎರಡು ಬಗೆಯಲ್ಲಿ ಹೇಳಬಹುದು: ಬುಡದಿಂದ ಪೂರ್ತಿಯಾಗಿ, ಇಲ್ಲವೇ ಈಗ ನಿಂತ ಸ್ಥಳದಿಂದ. ‘ಇಲ್ಲಿಂದ ಮೂರನೆಯ ಮನೆ’ ಎಂದ ಹಾಗೆ. ಏಜೆಂಟ್ ಒಂದು ಸ್ಥಳದಿಂದ ಇನ್ನೊಂದಕ್ಕೆ ಹೋದ ಮೇಲೂ ಹಳೆಯ ‘ಇಲ್ಲಿಂದ’ ಎಂಬ ಲೆಕ್ಕದಲ್ಲಿಯೇ ವಿಳಾಸ ಕೊಟ್ಟು ತಪ್ಪುತ್ತಿತ್ತಂತೆ. ಪೂರ್ತಿ ವಿಳಾಸವನ್ನೇ ಕೊಡಬೇಕೆಂದು ಸಾಧನದಲ್ಲಿ ಕಡ್ಡಾಯ ಮಾಡಿದ ಮೇಲೆ ಆ ತಪ್ಪು ನಿಂತಿತು. ಮತ್ತೊಮ್ಮೆ, ಅಂತರ್ಜಾಲದಲ್ಲಿ ಹುಡುಕುವ ಸಾಧನಕ್ಕೆ ಅವರ ಮಾದರಿಯು ಬೇಡದ ಕಡೆಯೂ ಪ್ರಶ್ನೆಯ ಕೊನೆಗೆ ‘2025’ ಎಂದು ಸೇರಿಸಿ ಫಲಿತವನ್ನು ಕೆಡಿಸುತ್ತಿತ್ತು. ಅದನ್ನು ಸರಿಪಡಿಸಿದುದು ಸಾಧನದ ವಿವರಣೆಯನ್ನು ತಿದ್ದಿ ಎಂದು 2025ರ ಸೆಪ್ಟೆಂಬರಿನಲ್ಲಿ ಅವರೇ ಬರೆದಿದ್ದಾರೆ.

ಒಂದು ವಿಷಯದಲ್ಲಿ ಮಾತ್ರ ನಮಗೂ ಸೊಸೆಗೂ ವಾದವಾಯಿತು. ಖಾತೆಯನ್ನು ಮುಚ್ಚುವ ಸಾಧನವೂ ಒಂದಿತ್ತು. ಅದರ ವಿವರಣೆಯಲ್ಲಿ ‘ಸದಸ್ಯರ ಒಪ್ಪಿಗೆಯನ್ನು ಎರಡು ಸಲ ಕೇಳದೆ ಇದನ್ನು ಬಳಸಬಾರದು’ ಎಂದು ದಪ್ಪ ಅಕ್ಷರದಲ್ಲಿ ಬರೆದರೆ ಸಾಕೆಂದು ನಮ್ಮ ಅಭಿಪ್ರಾಯ. ಅಷ್ಟು ಹೊತ್ತಿಗೆ ನಮಗೆ ನಮ್ಮ ವಾಕ್ಯಗಳ ಮೇಲೆ ಮತ್ತೆ ಹೆಮ್ಮೆ ಬಂದಿತ್ತೆಂದು ಕಾಣುತ್ತದೆ. ಸೊಸೆ ಒಪ್ಪಲಿಲ್ಲ. “ಮಾವಾರ, ತಿಜೋರಿ ಮ್ಯಾಲೆ ‘ಮುಟ್ಟಬ್ಯಾಡ್ರಿ’ ಅಂತ ಚೀಟಿ ಹಚ್ಚಿ ಕೀಲಿ ಹಾಕದs ಬಿಡತಿದ್ರೇನ್ರಿ?” ಎಂದು ಕೇಳಿದಳು. ಅವಳದೇ ಸರಿ. ವಿವರಣೆಯು ದಾರಿ ತೋರಿಸುವ ಕೈಮರ; ಬೀಗವಲ್ಲ. ಹಣವನ್ನು ಕದಲಿಸುವ, ಖಾತೆಯನ್ನು ಮುಚ್ಚುವ ಸಾಧನಗಳನ್ನು ಏಜೆಂಟನ ಕೈಯಿಂದ ತೆಗೆದುಬಿಟ್ಟೆವು. ಅಂತಹ ಕೆಲಸಕ್ಕೆ ಇಂದಿಗೂ ಸದಸ್ಯರು ಕಚೇರಿಗೆ ಬಂದು ಸಹಿ ಮಾಡಬೇಕು.

ಪರೀಕ್ಷೆಗಾಗಿ ಸದಸ್ಯರು ನಿಜವಾಗಿ ಕೇಳಿದ ನಲವತ್ತು ಪ್ರಶ್ನೆಗಳನ್ನು, ಅವರ ಮಾತಿನಲ್ಲಿಯೇ, ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆವು. ಒಂದು ಶಬ್ದ ತಿದ್ದಿದರೂ ನಲವತ್ತನ್ನೂ ಮತ್ತೆ ಕೇಳಿ ನೋಡುವುದು. ಒಂದನ್ನು ಸರಿಪಡಿಸಲು ಹೋಗಿ ಇನ್ನೊಂದು ಕೆಡುವುದು ಈ ಕೆಲಸದಲ್ಲಿ ದಿನದ ಮಾತು. ನಲವತ್ತಕ್ಕೂ ಸರಿಯಾದ ಉತ್ತರ ಬಂದ ಸಂಜೆ ನಾವು ಹಿಗ್ಗಿ, ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ನಮ್ಮ ಮನೆಯವರನ್ನು ಕರೆದು, ನೀನೂ ಒಂದು ಕೇಳು ಎಂದೆವು. ಅವರು ಹಿಟ್ಟಿನ ಕೈಯಲ್ಲಿಯೇ ನಿಂತು “ನಮ್ದು ಎಷ್ಟಾತು ಕೇಳ್ರಿ” ಎಂದರು. ಯಂತ್ರವು ಅವರ ಒಬ್ಬರ ಖಾತೆಯನ್ನು ಮಾತ್ರ ನೋಡಿ ಹೇಳಿತು. “ನಮ್ದು ಅಂದ್ರ ನಮ್ಮಿಬ್ಬರದು. ನಂದು ಅಂದಿಲ್ಲಲ್ಲ ನಾ?” ಎಂದು ಅವರು ರೊಟ್ಟಿಯ ಕಡೆಗೆ ತಿರುಗಿದರು. ನಲವತ್ತೊಂದನೆಯ ಪ್ರಶ್ನೆಯಾಗಿ ಅದನ್ನು ಬರೆದುಕೊಂಡೆವು. ಇನ್ನು ಹದಿನೈದು ದಿನ ಅದರ ಹಿಂದೆಯೇ ಹೋಯಿತು.

ದೀಪಾವಳಿಗೆ ಮೊದಲು ಮಂಡಳಿಯವರ ಮುಂದೆ ಮತ್ತೆ ತೋರಿಸಬೇಕಾಗಿತ್ತು. ಅದಕ್ಕೂ ಮೊದಲು ಇನ್ನೊಬ್ಬರಿಗೆ ತೋರಿಸಬೇಕೆಂದು ನಮ್ಮ ಮನಸ್ಸಿನಲ್ಲಿತ್ತು. ನಾವು ಆ ತಾಯಿಯ ಮನೆಗೆ ಹೋದೆವು. ನಡೆದುದನ್ನೆಲ್ಲ ಹೇಳಿ, ತಪ್ಪು ಬರೆದವರು ನಾವೇ ಎಂದೂ ಹೇಳಿದೆವು. ಅವರು ಅದಕ್ಕೆ ಏನೂ ಅನ್ನಲಿಲ್ಲ. ಚಹಾ ಮಾಡಿ ತಂದಿಟ್ಟರು. ಅಂದಿನ ಪ್ರಶ್ನೆಯನ್ನು ಅದೇ ಮಾತಿನಲ್ಲಿ ಇನ್ನೊಮ್ಮೆ ಕೇಳುವಿರಾ ಎಂದು ಕೇಳಿಕೊಂಡೆವು. ಸ್ವಲ್ಪ ಹಿಂದೆಮುಂದೆ ನೋಡಿ ಮಗನನ್ನು ಕರೆದು ಬರೆಸಿದರು: “ನನ್ನ ಖಾತೆಯಲ್ಲಿ ಎಷ್ಟು ಬಾಕಿ ಇದೆ?”

ಯಂತ್ರವು ಮೊದಲು ಸದಸ್ಯ ಸಂಖ್ಯೆಯನ್ನು ಕೇಳಿತು. ಮಗ ಪಾಸ್‌ಬುಕ್ ತಂದು ಆರು ಅಂಕಿಗಳನ್ನು ಒತ್ತಿದ. ನಂತರ ಬಂದ ಉತ್ತರವನ್ನು ಅವನೇ ಗಟ್ಟಿಯಾಗಿ ಓದಿದ: “ತಾಯಿ, ತಾವು ಸಂಘದಲ್ಲಿ ಇಟ್ಟಿರುವ ಹಣ ರೂ. 49,215. ಇದು ಸಂಘವು ತಮಗೆ ಕೊಡಬೇಕಾದುದು. ತಮ್ಮ ಹೆಸರಿನಲ್ಲಿ ಯಾವ ಸಾಲವೂ ಇಲ್ಲ. ತಾವು ಸಂಘಕ್ಕೆ ಏನನ್ನೂ ಕೊಡಬೇಕಾಗಿಲ್ಲ. ಈ ಲೆಕ್ಕ ನಿನ್ನೆ ಸಂಜೆಯವರೆಗಿನದು.”

ಅವರು ಮಗನಿಗೆ ಇನ್ನೊಮ್ಮೆ ಓದೆಂದರು. ಅವನು ಓದಿದ. ಗೋಡೆಯ ಮೇಲಿನ ಭಾವಚಿತ್ರದ ಕಡೆಗೆ ಒಮ್ಮೆ ನೋಡಿದರು. ಆಮೇಲೆ ಮಗನ ಕೈಯಿಂದ ಪಾಸ್‌ಬುಕ್ಕನ್ನು ತೆಗೆದು ನಮ್ಮ ಮುಂದೆ ಇಟ್ಟು, “ಇದರಾಗೂ ಒಮ್ಮೆ ಬರದು ಕೊಡಸ್ರಿ, ಸಾಹೇಬ್ರ. ಶಾಯಿಲೆ” ಎಂದರು. ಮರುದಿನ ಕಚೇರಿ ತೆರೆಯುವ ಹೊತ್ತಿಗೆ ನಾವು ಅದನ್ನು ಹಿಡಿದುಕೊಂಡು ಸರತಿಯಲ್ಲಿ ನಿಂತಿದ್ದೆವು.